ನರದಲ್ಲಿ ಹರಿಯುವುದು ಕರೆಂಟೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಲಕ್ವದ ವಿಷಯ ಬರೆಯುವಾಗ, "ಮೆದುಳಿನಿಂದ ಸ್ನಾಯುವಿಗೆ ನರಗಳ ಮೂಲಕ ವಿದ್ಯುತ್ತು ಹರಿದು ಹೋಗುತ್ತದೆ" ಎಂದು ಒಂದು ವಾಕ್ಯ ಬರೆದು ಮುಂದೆ ಸಾಗಿದ್ದೆ. ಲಕ್ವದ ಬಗ್ಗೆ ಬಂದ ಪತ್ರಗಳಿಗಿಂತ ಆ ಒಂದು ವಾಕ್ಯವನ್ನು ಹಿಡಿದು ಕೇಳಿದ ಪತ್ರಗಳೇ ಹೆಚ್ಚಾಗಿವೆ. ಕೇಳಿದವರದು ತಪ್ಪಲ್ಲ, ವಾಕ್ಯವೇ ಸಡಿಲವಾಗಿತ್ತು. ಆದ್ದರಿಂದ ಈ ಸಲದ ಅಂಕಣವನ್ನು ಆ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ವೈರಿನಲ್ಲಿ ಎಲೆಕ್ಟ್ರಾನುಗಳು ಹರಿಯುತ್ತವೆ ಎಂದು ಭೌತಶಾಸ್ತ್ರದಲ್ಲಿ ಓದುತ್ತೇವೆ. ನರದಲ್ಲಿ ಹರಿಯುವುದೂ ಅದೇ ವಿದ್ಯುತ್ತೇ? ಹಾಗಿದ್ದರೆ ದೇಹದಲ್ಲಿ ಬ್ಯಾಟರಿ ಎಲ್ಲಿದೆ? ನಮಗೇಕೆ ಶಾಕ್ ಹೊಡೆಯುವುದಿಲ್ಲ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ಮೊದಲು ನನ್ನ ವಾಕ್ಯವನ್ನು ತಿದ್ದಿಕೊಳ್ಳುತ್ತೇನೆ. ವೈರಿನಲ್ಲಿ ಹರಿದಂತೆ ನರದ ಉದ್ದಕ್ಕೂ ಕರೆಂಟು ಹರಿದು ಹೋಗುವುದಿಲ್ಲ. ಹರಿಸಲು ಹೊರಟರೂ ಆಗದು. ನರತಂತುವಿನ ಒಳಗಿರುವುದು ಲವಣಗಳು ಬೆರೆತ ಲೋಳೆಯಂಥ ದ್ರವ. ತಾಮ್ರಕ್ಕೆ ಹೋಲಿಸಿದರೆ ಅದು ಕೋಟಿಗೂ ಹೆಚ್ಚು ಪಟ್ಟು ಕೆಟ್ಟ ವಾಹಕ. ಸಾಲದ್ದಕ್ಕೆ ಸುತ್ತಲಿನ ಪೊರೆಯೂ ಸೋರುತ್ತದೆ. ಒಂದು ತುದಿಯಲ್ಲಿ ಕೊಟ್ಟ ವಿದ್ಯುತ್ತು ಕೆಲವು ಮಿಲಿಮೀಟರ್ ಹೋಗುವಷ್ಟರಲ್ಲಿ ಸೋರಿ ಸೊರಗಿರುತ್ತದೆ. ಆದರೆ ಬೆನ್ನುಹುರಿಯಿಂದ ಪಾದದವರೆಗೆ ಒಂದೇ ನರಕೋಶದ ತಂತು ಸುಮಾರು 1 ಮೀಟರ್ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಆ ತುದಿಗೆ ಸಂಕೇತ ಎಳ್ಳಷ್ಟೂ ಕುಂದದೆ ಮುಟ್ಟುತ್ತದೆ. ಇದು ಹೇಗೆ ಸಾಧ್ಯ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಇಲ್ಲಿ ಓಡಾಡುವುದು ಎಲೆಕ್ಟ್ರಾನುಗಳಲ್ಲ, ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಅವುಗಳ ಪರಮಾಣುಗಳು. ಅವು ಓಡಾಡುವುದೂ ಮುಖ್ಯವಾಗಿ ನರದ ಉದ್ದಕ್ಕಲ್ಲ, ಅಡ್ಡಕ್ಕೆ, ಅಂದರೆ ಪೊರೆಯ ಹೊರಗಿನಿಂದ ಒಳಕ್ಕೆ ಮತ್ತು ಒಳಗಿನಿಂದ ಹೊರಕ್ಕೆ. ನೀವು ಕೇಳಿದ ಬ್ಯಾಟರಿ ಆ ಪೊರೆಯೇ. ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು ಪಂಪಿನಂತೆ ಹಗಲಿರುಳು ದುಡಿಯುತ್ತ, ಪ್ರತಿ ಸುತ್ತಿಗೆ 3 ಸೋಡಿಯಂ ಅಯಾನುಗಳನ್ನು ಹೊರಗೆ ದಬ್ಬಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಸೇರಿಸುತ್ತದೆ. ಏಡಿಯ ಕಾಲಿನ ನರಗಳನ್ನು ಅರೆದು ಈ ಪಂಪನ್ನು 1957ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೌ; ನೊಬೆಲ್ ಬಹುಮಾನ ಅವರನ್ನು ಹುಡುಕಿಕೊಂಡು ಬಂದದ್ದು 40 ವರ್ಷಗಳ ನಂತರ, 1997ರಲ್ಲಿ. ಈ ದುಡಿಮೆಯ ಫಲವಾಗಿ ಪೊಟ್ಯಾಸಿಯಂ ಒಳಗೆ ಸುಮಾರು 30 ಪಟ್ಟು ಹೆಚ್ಚು, ಸೋಡಿಯಂ ಹೊರಗೆ ಸುಮಾರು 10 ಪಟ್ಟು ಹೆಚ್ಚು ಇರುತ್ತದೆ. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮೆದುಳು ದೇಹದ ಶಕ್ತಿಯಲ್ಲಿ ಶೇಕಡ 20ರಷ್ಟನ್ನು ತಿಂದುಹಾಕುವುದಕ್ಕೆ ಈ ಪಂಪಿನ ಹಸಿವೇ ಒಂದು ದೊಡ್ಡ ಕಾರಣ.

ಪೊರೆಯಲ್ಲಿ ಪಂಪಿನ ಜೊತೆಗೆ ಅಯಾನುಗಳು ನುಗ್ಗುವ ಸಣ್ಣ ದಾರಿಗಳಿವೆ. ಪುಸ್ತಕಗಳು ಅವನ್ನು ಅಯಾನು ಕಾಲುವೆಗಳು ಎನ್ನುತ್ತವೆ. ನನಗೆ ಕೆರೆಯ ತೂಬು ಎಂಬ ಮಾತೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ತೆರೆದು ಮುಚ್ಚುವುದು ತೂಬೇ ಹೊರತು ಕಾಲುವೆಯಲ್ಲ. ನರಕೋಶ ಸುಮ್ಮನಿರುವಾಗ ಪೊಟ್ಯಾಸಿಯಮ್ಮಿನ ಕೆಲವು ತೂಬುಗಳು ತೆರೆದಿರುತ್ತವೆ. ಒಳಗೆ ಕಿಕ್ಕಿರಿದ ಪೊಟ್ಯಾಸಿಯಂ ಅವುಗಳ ಮೂಲಕ ತುಸು ಹೊರಗೆ ಜಿನುಗುತ್ತದೆ. ಹೋಗುವಾಗ ತನ್ನ ಧನ ವಿದ್ಯುದಂಶವನ್ನೂ ಕೊಂಡೊಯ್ಯುವುದರಿಂದ ಒಳಗೆ ಋಣದ ಪಾಲು ಮಿಗುತ್ತದೆ. ಆ ಋಣವು ಉಳಿದ ಪೊಟ್ಯಾಸಿಯಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ಈ ಜಗ್ಗಾಟ ಸಮಕ್ಕೆ ಬಂದು ನಿಂತಾಗ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಟಾರ್ಚಿನ ಸೆಲ್ಲಿನ ಇಪ್ಪತ್ತನೇ ಒಂದು ಭಾಗ, ಅಷ್ಟೇ. ಆದರೆ ಪೊರೆಯ ದಪ್ಪ ಸುಮಾರು 7 ನ್ಯಾನೋಮೀಟರ್ ಮಾತ್ರ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅಲ್ಲಿನ ವಿದ್ಯುತ್ ಕ್ಷೇತ್ರ ಸೆಂಟಿಮೀಟರಿಗೆ 1 ಲಕ್ಷ ವೋಲ್ಟಿನಷ್ಟಾಗುತ್ತದೆ. ಗಾಳಿಯಲ್ಲಿ ಕಿಡಿ ಹಾರಲು ಸೆಂಟಿಮೀಟರಿಗೆ 30 ಸಾವಿರ ವೋಲ್ಟ್ ಸಾಕು.

ಸೋಡಿಯಮ್ಮಿನ ತೂಬುಗಳು ಈ ಕ್ಷೇತ್ರದ ಬಿಗಿಗೆ ಮುಚ್ಚಿಕೊಂಡಿರುತ್ತವೆ. ಯಾವುದೋ ಕಾರಣಕ್ಕೆ ಒಂದು ಕಡೆ ಒಳಗಿನ ಋಣವು 70ರಿಂದ 55ರ ಹತ್ತಿರಕ್ಕೆ ಇಳಿಯಿತೆನ್ನಿ. ಬಿಗಿ ಸಡಿಲಿ ಕೆಲವು ತೂಬುಗಳು ತೆರೆಯುತ್ತವೆ, ಸೋಡಿಯಂ ಒಳನುಗ್ಗಿ ಋಣವನ್ನು ಇನ್ನಷ್ಟು ತಗ್ಗಿಸುತ್ತದೆ, ಅದರಿಂದ ಮತ್ತಷ್ಟು ತೂಬುಗಳು ತೆರೆಯುತ್ತವೆ. ಏರಿ ಒಡೆದ ಕೆರೆಯ ಹಾಗೆ ಇದು ಒಮ್ಮೆ ಶುರುವಾದರೆ ನಡುವೆ ನಿಲ್ಲದು. ಒಳಗು ಧನಕ್ಕೆ ತಿರುಗಿ 30–40 ಮಿಲಿವೋಲ್ಟಿನವರೆಗೆ ಏರುತ್ತದೆ. ಅಷ್ಟರಲ್ಲಿ ಸೋಡಿಯಂ ತೂಬುಗಳು ತಾವಾಗಿಯೇ ಬಿರಡೆ ಬಡಿದುಕೊಳ್ಳುತ್ತವೆ, ತುಸು ತಡವಾಗಿ ಏಳುವ ಪೊಟ್ಯಾಸಿಯಂ ತೂಬುಗಳು ತೆರೆದು ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತವೆ. ಇಷ್ಟೆಲ್ಲ ನಡೆದು ಮುಗಿಯುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ. ಇದಕ್ಕೆ ನರಾವೇಗ ಎಂದು ಹೆಸರು.

ಈ ಆವೇಗ ಮುಂದಕ್ಕೆ ಸಾಗುವುದು ಹೇಗೆ? ದೀಪಾವಳಿಯ ಸರಪಟಾಕಿಯನ್ನು ನೋಡಿ. ಮೊದಲ ಪಟಾಕಿಯ ಮದ್ದು ಕೊನೆಯ ಪಟಾಕಿಗೆ ಹೋಗುವುದಿಲ್ಲ. ಪ್ರತಿಯೊಂದರೊಳಗೂ ಅದರದೇ ಮದ್ದಿರುತ್ತದೆ, ಪಕ್ಕದ್ದರಿಂದ ಬಂದದ್ದು ಕಿಡಿ ಮಾತ್ರ. ಹಾಗೆಯೇ ಒಂದು ಕಡೆ ಒಳನುಗ್ಗಿದ ಸೋಡಿಯಂ ಪಕ್ಕದ ತುಸು ಜಾಗದ ಬಿಗಿಯನ್ನು ಸಡಿಲಿಸುತ್ತದೆ, ಅಲ್ಲಿನ ತೂಬುಗಳು ಅಲ್ಲಿನ ಸೋಡಿಯಮ್ಮನ್ನು ಒಳಬಿಡುತ್ತವೆ. ಸಂಕೇತವು ಪ್ರತಿ ಹೆಜ್ಜೆಯಲ್ಲೂ ಹೊಸದಾಗಿ ಹುಟ್ಟುವುದರಿಂದಲೇ ಕುಂದುವುದಿಲ್ಲ. ಈಗಷ್ಟೇ ಬಿರಡೆ ಬಿದ್ದ ಹಿಂದಿನ ತೂಬುಗಳು ಕೂಡಲೇ ತೆರೆಯಲಾರವಾದ್ದರಿಂದ ಅದು ಹಿಂದಕ್ಕೆ ತಿರುಗುವುದೂ ಇಲ್ಲ. ಸುಟ್ಟ ಪಟಾಕಿ ಮತ್ತೆ ಸಿಡಿಯದು, ನರವಾದರೋ ಮಿಲಿಸೆಕೆಂಡುಗಳಲ್ಲಿ ಮತ್ತೆ ಸಿದ್ಧವಾಗಿರುತ್ತದೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಕಂಡುಕೊಂಡದ್ದು ಸ್ಕ್ವಿಡ್ ಎಂಬ ಕಡಲಜೀವಿಯಲ್ಲಿ. ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆದು ಸುಕ್ಕ ಮಾಡಿ ತಿನ್ನುವ ಜಾತಿಯದೇ ಪ್ರಾಣಿ ಅದು. ಅದರ ಒಂದು ನರತಂತು ಅರ್ಧ ಮಿಲಿಮೀಟರಿನಷ್ಟು ದಪ್ಪ, ಬರಿಗಣ್ಣಿಗೆ ಕಾಣುವಂಥದ್ದು. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಆ ತಂತುವಿನೊಳಗೆ ಎಲೆಕ್ಟ್ರೋಡು ಇಳಿಸಿ, ಆವೇಗ ಬಂದಾಗ ಒಳಗಿನ ಋಣ ಬರಿದೇ ಅಳಿಸಿಹೋಗುವುದಿಲ್ಲ, ಧನಕ್ಕೇ ತಿರುಗುತ್ತದೆ ಎಂದು ಕಂಡರು. ಕೆಲವೇ ವಾರಗಳಲ್ಲಿ ಮಹಾಯುದ್ಧ ಆರಂಭವಾಗಿ ಕೆಲಸ ನಿಂತಿತು. ಪೂರ್ಣ ವಿವರಣೆ ಗಣಿತದ ಸಮೀಕರಣಗಳ ರೂಪದಲ್ಲಿ ಹೊರಬಂದದ್ದು 1952ರಲ್ಲಿ. ಆ ಲೆಕ್ಕಗಳನ್ನು ಹಕ್ಸ್‌ಲಿ ಕೈಯಿಂದ ತಿರುಗಿಸುವ ಗಣಕಯಂತ್ರದಲ್ಲಿ ವಾರಗಟ್ಟಲೆ ಕೂತು ಮಾಡಿದ್ದರು. ನನ್ನನ್ನು ಇಂದಿಗೂ ಬೆರಗುಗೊಳಿಸುವುದು 1961ರ ಇನ್ನೊಂದು ಪ್ರಯೋಗ. ಹಾಡ್ಜ್‌ಕಿನ್ ಮತ್ತು ಸಂಗಡಿಗರು ಟೂತ್‌ಪೇಸ್ಟ್ ಟ್ಯೂಬನ್ನು ಹಿಂಡುವಂತೆ ತಂತುವಿನ ತಿರುಳನ್ನೆಲ್ಲ ಹಿಂಡಿ ತೆಗೆದು, ಬರಿದಾದ ಪೊರೆಯೊಳಗೆ ಪೊಟ್ಯಾಸಿಯಂ ಲವಣದ ದ್ರಾವಣ ತುಂಬಿದರು. ಆ ಟೊಳ್ಳು ಕೊಳವೆ ಗಂಟೆಗಟ್ಟಲೆ ಆವೇಗಗಳನ್ನು ಸಾಗಿಸುತ್ತಲೇ ಇತ್ತು. ಬ್ಯಾಟರಿ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಶಾಕ್ ಹೊಡೆಯದಿರುವುದಕ್ಕೆ ಕಾರಣ ಸರಳ. ಕೋಶಕೋಶದ ಪುಟ್ಟ ವೋಲ್ಟೇಜುಗಳು ಸುತ್ತಲಿನ ಉಪ್ಪುನೀರಿನಲ್ಲೇ ಅಡಗಿಹೋಗುತ್ತವೆ. ಮೆದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ಪರೀಕ್ಷೆಗೆಂದು ನೆತ್ತಿಯ ಮೇಲೆ ತಂತಿ ಹಚ್ಚಿದಾಗ ಸಿಗುವುದು ವೋಲ್ಟಿನ ಲಕ್ಷದ ಕೆಲವು ಪಾಲು ಮಾತ್ರ. ಅಂಥ ಸಾವಿರಾರು ಕೋಶಗಳನ್ನು ಟಾರ್ಚಿನ ಸೆಲ್ಲುಗಳಂತೆ ಸಾಲಾಗಿ ಜೋಡಿಸಿಕೊಂಡಿರುವ ದಕ್ಷಿಣ ಅಮೆರಿಕದ ವಿದ್ಯುತ್ ಮೀನು 600 ವೋಲ್ಟಿಗೂ ಹೆಚ್ಚು ಶಾಕ್ ಕೊಡುತ್ತದೆ.

ಪ್ರಶ್ನೆ: ರಾತ್ರಿ ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಬಡಿದಾಗ ಮೊದಲು ಚುರುಕ್ಕೆಂದು ನೋಯುತ್ತದೆ. "ಇಷ್ಟೇನಾ" ಎಂದುಕೊಳ್ಳುವಷ್ಟರಲ್ಲಿ ನಿಜವಾದ ನೋವು ಉರಿಯುತ್ತ ಬರುತ್ತದೆ. ಒಂದೇ ಪೆಟ್ಟಿಗೆ ಎರಡು ನೋವು ಏಕೆ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಒಂದೇ ಸುದ್ದಿ ಎರಡು ದಾರಿಯಲ್ಲಿ ಬರುತ್ತದೆ, ಒಂದು ಬಸ್ಸಿನಲ್ಲಿ, ಇನ್ನೊಂದು ಕಾಲ್ನಡಿಗೆಯಲ್ಲಿ. ಚುರುಕು ನೋವಿನ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ತೆಳು ಕವಚವಿದ್ದು, ಅವುಗಳಲ್ಲಿ ಆವೇಗ ಸೆಕೆಂಡಿಗೆ 5ರಿಂದ 30 ಮೀಟರ್ ಸಾಗುತ್ತದೆ. ಉರಿನೋವಿನ ತಂತುಗಳು ಕವಚವಿಲ್ಲದವು. ಅವುಗಳ ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್. ನಾವು ನಡೆಯುವ ವೇಗವೂ ಸುಮಾರು ಅಷ್ಟೇ. ಬೆರಳಿನಿಂದ ಬೆನ್ನುಹುರಿಗೆ 1 ಮೀಟರ್ ದೂರವೆಂದರೆ ಎರಡನೆಯ ಸುದ್ದಿಗೆ ಒಂದು ಸೆಕೆಂಡು ಹಿಡಿಯುತ್ತದೆ. ನೀವು "ಇಷ್ಟೇನಾ" ಎಂದುಕೊಳ್ಳುವುದು ಆ ಬಿಡುವಿನಲ್ಲಿ.

ಕವಚದಿಂದ ವೇಗ ಹೆಚ್ಚುವ ಬಗೆ ಸ್ವಾರಸ್ಯಕರವಾದದ್ದು. ಕವಚವು ಕಬ್ಬಿನ ಜಲ್ಲೆಯಂತೆ ಗೆಣ್ಣುಗೆಣ್ಣಾಗಿ ಸುತ್ತಿಕೊಂಡಿರುತ್ತದೆ, ಸೋಡಿಯಮ್ಮಿನ ತೂಬುಗಳು ಗೆಣ್ಣುಗಳಲ್ಲಿ ಮಾತ್ರ ಒತ್ತಾಗಿರುತ್ತವೆ. ಕವಚವಿದ್ದ ಕಡೆ ಸೋರಿಕೆ ಕಡಿಮೆಯಾದ್ದರಿಂದ ಕಿಡಿ ಒಂದು ಗೆಣ್ಣಿನಿಂದ ಮುಂದಿನ ಗೆಣ್ಣಿಗೆ, ಸುಮಾರು 1 ಮಿಲಿಮೀಟರ್ ದೂರವನ್ನು, ಹಾರಿದಂತೆ ದಾಟುತ್ತದೆ. ಮಯಲಿನ್ ಇಲ್ಲದ ಸ್ಕ್ವಿಡ್ಡಿಗೆ ಸೆಕೆಂಡಿಗೆ 20 ಮೀಟರ್ ವೇಗ ಪಡೆಯಲು ಅರ್ಧ ಮಿಲಿಮೀಟರ್ ದಪ್ಪದ ತಂತು ಬೇಕಾಯಿತು. ನಮ್ಮ ಕಾಲಿನ ಸ್ನಾಯುಗಳಿಗೆ ಹೋಗುವ ತಂತು ಅದರ ಇಪ್ಪತ್ತೈದನೇ ಒಂದು ಪಾಲು ದಪ್ಪವಿದ್ದರೂ ಸೆಕೆಂಡಿಗೆ 100 ಮೀಟರ್ ಮುಟ್ಟುತ್ತದೆ. ಕವಚ ಇಲ್ಲದಿದ್ದರೆ ನಮ್ಮ ಬೆನ್ನುಹುರಿ ಮರದ ಕಾಂಡದಷ್ಟು ದಪ್ಪವಿರಬೇಕಾಗುತ್ತಿತ್ತು.

ನರದ ವೇಗವನ್ನು ಅಳೆಯುವುದೇ ಅಸಾಧ್ಯ ಎಂದು ನಂಬಿದ್ದ ಕಾಲವಿತ್ತು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ತೊಡೆಯ ನರವನ್ನು ಎರಡು ಬೇರೆಬೇರೆ ಕಡೆ ವಿದ್ಯುತ್ತಿನಿಂದ ಕೆಣಕಿ, ಸ್ನಾಯು ಸೆಟೆಯಲು ಹಿಡಿದ ಸಮಯಗಳ ವ್ಯತ್ಯಾಸದಿಂದ ಸೆಕೆಂಡಿಗೆ 30 ಮೀಟರಿನ ಆಸುಪಾಸು ಎಂದು ಅಳೆದರು. ನಾವು ವಿದ್ಯಾರ್ಥಿಗಳಾಗಿದ್ದಾಗ ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಇದೇ ಪ್ರಯೋಗವನ್ನು ಮಾಡುತ್ತಿದ್ದೆವು. ಒದ್ದೆ ನೂಲಿನ ಎಳೆಯಂತೆ ಕಾಣುತ್ತಿದ್ದ ಆ ಬಿಳಿಯ ನರ ಒಣಗದಂತೆ ಉಪ್ಪುನೀರು ತೊಟ್ಟಿಕ್ಕಿಸುತ್ತಿರುವುದು ಜೊತೆಗಾರನ ಪಾಳಿ. ಅವನು ಮೈಮರೆತರೆ ಮಧ್ಯಾಹ್ನವೆಲ್ಲ ವ್ಯರ್ಥ. ಈಗ ಕಪ್ಪೆಗಳು ಬದುಕಿಕೊಂಡಿವೆ, ಪ್ರಯೋಗ ಕಂಪ್ಯೂಟರಿನ ಪರದೆಗೆ ಸರಿದಿದೆ.

ಪ್ರಶ್ನೆ: ಆವೇಗಗಳೆಲ್ಲ ಒಂದೇ ಅಳತೆಯವು ಎನ್ನುತ್ತಾರೆ. ಹಾಗಾದರೆ ನೇವರಿಕೆಗೂ ಹೊಡೆತಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?
– ಓದುಗರು, ಕಲಬುರಗಿ

ಉತ್ತರ: ಎಣಿಕೆಯಿಂದ. ಒತ್ತಡ ಹೆಚ್ಚಿದಂತೆ ಆವೇಗ ದೊಡ್ಡದಾಗುವುದಿಲ್ಲ, ಸೆಕೆಂಡಿಗೆ ಹಾಯುವ ಆವೇಗಗಳ ಸಂಖ್ಯೆ ಹೆಚ್ಚುತ್ತದೆ. ಒಂದೇ ತಂತು ಸೆಕೆಂಡಿಗೆ ಹತ್ತರಿಂದ ನೂರಾರು ಆವೇಗಗಳವರೆಗೆ ಸಾಗಿಸಬಲ್ಲದು. ಹೆಚ್ಚು ತಂತುಗಳೂ ದನಿಗೂಡಿಸುತ್ತವೆ. 1920ರ ದಶಕದಲ್ಲಿ ಇದನ್ನು ತೋರಿಸಿದ ಎಡ್ಗರ್ ಏಡ್ರಿಯನ್ ಅವರಿಗೆ 1932ರಲ್ಲಿ ನೊಬೆಲ್ ಬಹುಮಾನ ಬಂತು. ಬೆಳಕೋ ಸದ್ದೋ ನೋವೋ ಎಂಬುದು ಆವೇಗದ ಗುಣದಲ್ಲಿಲ್ಲ, ಅದು ಯಾವ ತಂತುವಿನಲ್ಲಿ ಬಂದು ಮೆದುಳಿನ ಯಾವ ಭಾಗವನ್ನು ಮುಟ್ಟಿತು ಎಂಬುದರಲ್ಲಿದೆ. ಕಣ್ಣು ಮುಚ್ಚಿ ರೆಪ್ಪೆಯ ಮೂಲೆಯನ್ನು ಮೆಲ್ಲಗೆ ಒತ್ತಿದರೆ ಬೆಳಕಿನ ಉಂಗುರ ಕಾಣುವುದು ಈ ಕಾರಣಕ್ಕೆ.

ಪ್ರಶ್ನೆ: ಹಲ್ಲು ಕೀಳುವಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ಎಳೆದಾಟ ತಿಳಿಯುತ್ತಿತ್ತು, ನೋವು ಮಾತ್ರ ಇರಲಿಲ್ಲ. ಹಿಂದಿನ ಸಲ ಒಸಡು ಕೀವುಗಟ್ಟಿದ್ದಾಗ ಅದೇ ಇಂಜೆಕ್ಷನ್ ಸರಿಯಾಗಿ ನಾಟಲೇ ಇಲ್ಲ. ಔಷಧ ಕಳಪೆಯಿತ್ತೇ?
– ಗೃಹಿಣಿ, ತಿಪಟೂರು

ಉತ್ತರ: ಔಷಧವನ್ನು ದೂರಬೇಡಿ. ಲಿಗ್ನೋಕೇನ್ ಎಂಬ ಆ ಔಷಧ ಸೋಡಿಯಮ್ಮಿನ ತೂಬಿಗೆ ಒಳಬದಿಯಿಂದ ಅಡ್ಡ ಕೂರುತ್ತದೆ. ತೂಬು ಕಟ್ಟಿದರೆ ಕಿಡಿ ಅಲ್ಲಿಗೇ ಆರುತ್ತದೆ. ಹಲ್ಲಿನ ಬುಡದಲ್ಲಿ ಆವೇಗಗಳು ಹುಟ್ಟುತ್ತಲೇ ಇದ್ದರೂ ಮೆದುಳಿಗೆ ಸುದ್ದಿ ಮುಟ್ಟುವುದಿಲ್ಲ. ನೋವಿನ ಸಣ್ಣ ತಂತುಗಳು ಬೇಗ ಸೋಲುತ್ತವೆ, ಒತ್ತಡವನ್ನು ತಿಳಿಸುವ ದಪ್ಪ ಕವಚದ ತಂತುಗಳು ಹೆಚ್ಚು ಹೊತ್ತು ತಡೆದುಕೊಳ್ಳುತ್ತವೆ. ಎಳೆದಾಟ ತಿಳಿದದ್ದು ಆ ದಪ್ಪ ತಂತುಗಳಿಂದ.

ಇನ್ನು ಕೀವಿನ ವಿಷಯ. ಒಳಬದಿ ಸೇರಲು ಔಷಧ ಮೊದಲು ಕೊಬ್ಬಿನ ಪೊರೆಯನ್ನು ದಾಟಬೇಕು, ವಿದ್ಯುದಂಶವಿಲ್ಲದ ರೂಪದಲ್ಲಿದ್ದಾಗ ಮಾತ್ರ ಅದು ದಾಟಬಲ್ಲದು. ಕೀವುಗಟ್ಟಿದ ಜಾಗ ಹುಳಿಯಾಗಿರುತ್ತದೆ, ಅಂದರೆ ಆಮ್ಲೀಯವಾಗಿರುತ್ತದೆ. ಅಲ್ಲಿ ಔಷಧದ ಹೆಚ್ಚಿನ ಪಾಲು ವಿದ್ಯುದಂಶ ಹೊತ್ತು ಪೊರೆಯ ಹೊರಗೇ ಉಳಿಯುತ್ತದೆ. ಮೊದಲು ಸೋಂಕನ್ನು ಇಳಿಸಿ ಆಮೇಲೆ ಹಲ್ಲಿಗೆ ಕೈಹಾಕೋಣ ಎಂದು ದಂತವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಮ್ಮ ಊರಿನಲ್ಲಿ ಹಾವು ಕಚ್ಚಿದವರೊಬ್ಬರ ರೆಪ್ಪೆಗಳು ಜೋತುಬಿದ್ದು, ಮಾತು ನಿಂತು, ಉಸಿರೂ ಕ್ಷೀಣಿಸಿತ್ತು. ಎಲ್ಲರೂ ಆಸೆ ಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಬದುಕಿ ಬಂದಮೇಲೆ ಅವರು, "ನೀವು ಆಡಿದ್ದೆಲ್ಲ ನನಗೆ ಕೇಳಿಸುತ್ತಿತ್ತು" ಎಂದರು. ವಿಷದಿಂದ ನರಗಳು ಸತ್ತಿದ್ದರೆ ಕೇಳಿಸಿದ್ದು ಹೇಗೆ?
– ಕೃಷಿಕರು, ತೀರ್ಥಹಳ್ಳಿ

ಉತ್ತರ: ಅವರ ಮೆದುಳಿನಲ್ಲೂ ನರಗಳ ಉದ್ದಕ್ಕೂ ಆವೇಗಗಳು ಎಂದಿನಂತೆ ಓಡುತ್ತಿದ್ದವು. ಕೆಟ್ಟಿದ್ದದ್ದು ನರ ಮುಗಿದು ಸ್ನಾಯು ಶುರುವಾಗುವ ಗಡಿ ಮಾತ್ರ.

ಆ ಗಡಿಯಲ್ಲಿ ಒಂದು ಕಿರಿದಾದ ಬಿರುಕಿದೆ, ಸರಪಟಾಕಿಯ ಕಿಡಿ ಅದನ್ನು ದಾಟಲಾರದು. ಆವೇಗವು ನರದ ತುದಿ ಮುಟ್ಟಿದೊಡನೆ ಅಲ್ಲಿನ ಕ್ಯಾಲ್ಸಿಯಂ ತೂಬುಗಳು ತೆರೆದು, ಒಳಬಂದ ಕ್ಯಾಲ್ಸಿಯಂ ಅಲ್ಲಿ ಕಾದಿರುವ ಸಣ್ಣ ಚೀಲಗಳನ್ನು ಒಡೆಸಿ, ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿರುಕಿಗೆ ಸುರಿಸುತ್ತದೆ. ಅದು ಆಚೆ ದಡದ ಸ್ನಾಯುವಿನ ಗ್ರಾಹಕಗಳಿಗೆ ಅಂಟಿದಾಗ ಸ್ನಾಯುವಿನಲ್ಲಿ ಹೊಸ ಆವೇಗ ಹುಟ್ಟುತ್ತದೆ. ವಿದ್ಯುತ್ತು ರಾಸಾಯನಿಕವಾಗಿ, ರಾಸಾಯನಿಕವು ಮತ್ತೆ ವಿದ್ಯುತ್ತಾಗಿ ಬದಲಾಗುವ ಸುಂಕದಕಟ್ಟೆ ಅದು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದನ್ನು 1921ರಲ್ಲಿ ಓಟೋ ಲೋವಿ ಎರಡು ಕಪ್ಪೆಗಳ ಹೃದಯಗಳನ್ನಿಟ್ಟು ತೋರಿಸಿದ್ದರು. ನರವನ್ನು ಕೆಣಕಿ ನಿಧಾನಗೊಳಿಸಿದ ಒಂದು ಹೃದಯದ ದ್ರವವನ್ನು ಇನ್ನೊಂದರ ಮೇಲೆ ಹಾಕಿದಾಗ ಅದೂ ನಿಧಾನವಾಯಿತು.

ನಾಗರಹಾವಿನ ನರವಿಷ ಆಚೆ ದಡದ ಗ್ರಾಹಕಗಳ ಮೇಲೆ ಕೂತು ಅಸಿಟೈಲ್‌ಕೋಲಿನ್‌ಗೆ ಜಾಗ ಕೊಡುವುದಿಲ್ಲ. ಕಟ್ಟುಹಾವಿನ ವಿಷ ಇನ್ನೂ ಕ್ರೂರ, ಅದು ಈಚೆ ದಡದ ನರತುದಿಯನ್ನೇ ಹಾಳುಗೆಡಹುತ್ತದೆ. ಹಾಳಾದ ತುದಿಯನ್ನು ಪ್ರತಿವಿಷವೂ ರಿಪೇರಿ ಮಾಡಲಾರದು, ಅದು ತಾನಾಗಿ ಮತ್ತೆ ಬೆಳೆಯಬೇಕು. ಆದ್ದರಿಂದ ಅಂಥ ರೋಗಿಗಳನ್ನು ಕೆಲವೊಮ್ಮೆ ದಿನಗಟ್ಟಲೆ ವೆಂಟಿಲೇಟರಿನಲ್ಲಿ ಇಡಬೇಕಾಗುತ್ತದೆ. ರೆಪ್ಪೆ ಮೊದಲು ಸೋಲುತ್ತದೆ, ಆಮೇಲೆ ನುಂಗುವಿಕೆ, ಕೊನೆಗೆ ಉಸಿರಾಟ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದಾಗ ಗಾಯವೂ ಕಾಣದೆ, ನೋವೂ ಇಲ್ಲದೆ, ಬೆಳಗ್ಗೆ ಹೊಟ್ಟೆನೋವು ಮತ್ತು ಜೋತ ರೆಪ್ಪೆ ಮಾತ್ರ ಇರಬಹುದು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಆಡುವ ಮಾತಿನ ಮೇಲೂ ನಿಗಾ ಇರಲಿ, ಮಲಗಿರುವವರಿಗೆ ಅದು ಕೇಳಿಸುತ್ತಿರುತ್ತದೆ.

ತೋಟಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಇದೇ ಗಡಿಯಲ್ಲಿ ತದ್ವಿರುದ್ಧವಾದ ಕೆಲಸ ಮಾಡುತ್ತವೆ. ಅಲ್ಲಿ ಅಸಿಟೈಲ್‌ಕೋಲಿನ್ನನ್ನು ಒಡೆದು ಬಿರುಕನ್ನು ಗುಡಿಸುವ ಕಿಣ್ವವೇ ನಿಂತುಹೋಗಿ, ರಾಸಾಯನಿಕ ತುಂಬಿ ತುಳುಕಿ, ಸ್ನಾಯುಗಳು ಮೊದಲು ಅದುರಿ ಆಮೇಲೆ ಸೋಲುತ್ತವೆ.

ಪ್ರಶ್ನೆ: ನಮ್ಮ ತಾಯಿಯವರಿಗೆ 78 ವರ್ಷ. ಕಳೆದ ತಿಂಗಳು ಮಂಕಾಗಿ, ಮನೆಯವರ ಗುರುತೇ ಸಿಗದಂತಾದಾಗ ರಕ್ತ ಪರೀಕ್ಷೆಯಲ್ಲಿ ಸೋಡಿಯಂ 118 ಎಂದು ಬಂತು. ಸೋಡಿಯಂ ಇಳಿದರೆ ನರಗಳ ಕರೆಂಟು ಇಳಿಯುತ್ತದೆ ಎಂದು ಬಲ್ಲವರೊಬ್ಬರು ಹೇಳಿದ್ದರಿಂದ ಅಡುಗೆಗೆ ಉಪ್ಪು ಹೆಚ್ಚು ಹಾಕುತ್ತಿದ್ದೇವೆ. ಸರಿಯೇ?
– ಓದುಗರು, ಬೆಂಗಳೂರು

ಉತ್ತರ: ಬಲ್ಲವರ ತರ್ಕ ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಅದನ್ನು ಒಪ್ಪುವುದಿಲ್ಲ. ರಕ್ತದ ಸೋಡಿಯಂ ಸಹಜ ಮಟ್ಟವಾದ 140ರಿಂದ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) 118ಕ್ಕೆ ಇಳಿದರೆ, ಅದನ್ನು ಒಳಕ್ಕೆ ತಳ್ಳುವ ಒತ್ತಡ 4–5 ಮಿಲಿವೋಲ್ಟಿನಷ್ಟು ತಗ್ಗುತ್ತದೆ, ಅಷ್ಟೇ. ಆವೇಗಕ್ಕೆ ಅದರಿಂದ ಹೇಳಿಕೊಳ್ಳುವಂಥ ಬಾಧೆಯಿಲ್ಲ. ನಿಜವಾದ ತೊಂದರೆ ನೀರಿನದು. ಹೊರಗಿನ ದ್ರವ ತೆಳುವಾದಾಗ ನೀರು ಮೆದುಳಿನ ಕೋಶಗಳೊಳಗೆ ನುಗ್ಗಿ ಅವು ಊದಿಕೊಳ್ಳುತ್ತವೆ, ತಲೆಬುರುಡೆಯೊಳಗೆ ಊದಲು ಜಾಗವಿಲ್ಲ. ಮಂಕುತನ ಬಂದದ್ದು ಅದರಿಂದ. ಬಹಳಷ್ಟು ಸಲ ದೇಹದಲ್ಲಿ ಉಪ್ಪು ಕಡಿಮೆಯಾಗಿರುವುದಕ್ಕಿಂತ ನೀರು ಹೆಚ್ಚಾಗಿರುತ್ತದೆ, ಇಲ್ಲವೇ ರಕ್ತದೊತ್ತಡಕ್ಕೆ ಕೊಟ್ಟ ಮೂತ್ರ ಹೋಗಿಸುವ ಮಾತ್ರೆ ಕಾರಣವಾಗಿರುತ್ತದೆ. ಕಾರಣ ತಿಳಿಯದೆ ಉಪ್ಪು ಸುರಿದರೆ ಹೃದಯದ ಮೇಲೆ ಹೊರೆ ಬೀಳಬಹುದು, ಆದ್ದರಿಂದ ಚಿಕಿತ್ಸೆ ಮಾಡುತ್ತಿರುವ ವೈದ್ಯರನ್ನು ಕೇಳದೆ ಅದನ್ನು ಮುಂದುವರಿಸಬೇಡಿ. ಬಹಳ ಇಳಿದ ಸೋಡಿಯಮ್ಮನ್ನು ಆಸ್ಪತ್ರೆಯಲ್ಲೂ ಒಮ್ಮೆಲೇ ಏರಿಸುವುದಿಲ್ಲ. ಅವಸರಪಟ್ಟರೆ ಮೆದುಳಿನ ಕಾಂಡದಲ್ಲಿ, ಮೇಲೆ ಹೇಳಿದ ಅದೇ ಮಯಲಿನ್ ಕವಚ ಕಳಚಿಹೋಗುವ ಅಪಾಯವಿದೆ. "ಎರಡು ದಿನವಾದರೂ ಇನ್ನೂ 126ಕ್ಕೇ ನಿಂತಿದೆ" ಎಂದು ಡಾಕ್ಟರ ಮೇಲೆ ರೇಗುವ ಮುನ್ನ ಇದು ನೆನಪಿರಲಿ.

ನರ ಮತ್ತು ಹೃದಯದ ವಿದ್ಯುತ್ತಿನ ದೃಷ್ಟಿಯಿಂದ ಹೆಚ್ಚು ಹೆದರಬೇಕಾದದ್ದು ಪೊಟ್ಯಾಸಿಯಮ್ಮಿಗೆ. ರಕ್ತದಲ್ಲಿ ಅದರ ಪ್ರಮಾಣ 3.5ರಿಂದ 5ರೊಳಗೆ ಇರುತ್ತದೆ. ಅದು 4ರಿಂದ 8ಕ್ಕೆ ಏರಿದರೆ ಪೊಟ್ಯಾಸಿಯಮ್ಮಿನ ಜಗ್ಗಾಟದ ಸಮತೋಲ 18 ಮಿಲಿವೋಲ್ಟಿನಷ್ಟು ಸರಿದು, ಸುಮ್ಮನಿರಬೇಕಾದ ಪೊರೆಯ ಬಿಗಿಯೇ ಸಡಿಲಗೊಂಡು, ಬಿರಡೆ ಬಿದ್ದ ಸೋಡಿಯಂ ತೂಬುಗಳು ಮತ್ತೆ ಸಿದ್ಧವಾಗದೆ ಹೃದಯದ ಬಡಿತ ತಪ್ಪುತ್ತದೆ. ಮೂತ್ರಪಿಂಡ ಸೋತವರಿಗೆ ಎಳನೀರು, ಬಾಳೆಹಣ್ಣು ಬೇಡವೆನ್ನುವುದು ಇದಕ್ಕಾಗಿ. ಬಿ.ಪಿ. ಇರುವವರಿಗೆ ಒಳ್ಳೆಯದೆಂದು ಅಂಗಡಿಗಳಲ್ಲಿ ಮಾರುವ "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಸೋಡಿಯಮ್ಮಿನ ಬದಲಿಗೆ ಸಾಮಾನ್ಯವಾಗಿ ಸೇರಿಸುವುದು ಪೊಟ್ಯಾಸಿಯಂ ಕ್ಲೋರೈಡನ್ನೇ. ನಿಮ್ಮ ತಾಯಿಯವರ ಮೂತ್ರಪಿಂಡದ ವರದಿಯನ್ನು ವೈದ್ಯರಿಗೆ ತೋರಿಸದೆ ಅದನ್ನು ಕೊಳ್ಳಬೇಡಿ.